ಬಟನ್ ಒತ್ತಿದೆ, ದೀಪ ಬರಲಿಲ್ಲ

(ಮೈಸೂರಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್‌ಗಳು ಮತ್ತು ಹೊಸ ಮನೆ ಕಟ್ಟಿಸುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಒಂದು ಪ್ಲೈವುಡ್ ಹಲಗೆ ಇಟ್ಟಿದ್ದೇನೆ. ಅದರಲ್ಲಿ ಆರು ಬಟನ್‌ನ ಒಂದು ಕೀಪ್ಯಾಡ್ ಇದೆ, ಬೆಳಕು ಹೆಚ್ಚು ಕಡಿಮೆ ಮಾಡುವ ಒಂದು ಡಿಮ್ಮರ್ ಇದೆ, ಮೂರು ದೀಪ ಇವೆ. ಮಾತು ಮುಗಿದ ಮೇಲೆ ಎಲ್ಲರೂ ಇದರ ಹತ್ತಿರ ಬರೋಣ. ಮೊದಲು ಒಂದು ಮನೆಯ ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಇದೇ ಊರಿನ ಒಂದು ಮನೆಯಿಂದ ಫೋನ್ ಬಂತು. ಇಡೀ ಮನೆಗೆ ಕೆಎನ್‌ಎಕ್ಸ್ ವೈರಿಂಗ್ ಮಾಡಿಸಿದ್ದರು, ಅಂದರೆ ಬಟನ್‌ಗಳು ಒಂದು ತಂತಿಯ ಮೂಲಕ ದೀಪಗಳಿಗೆ ಸಂದೇಶ ಕಳಿಸುವ ವ್ಯವಸ್ಥೆ. ಹಾಲ್ ಗೋಡೆಯ ಮೇಲೆ ಆರು ಬಟನ್‌ನ ಕೀಪ್ಯಾಡ್. "ಊಟದ ಬಟನ್ ಕೆಟ್ಟಿದೆ. ಒಂದು ದಿನ ಸರಿಯಾಗಿ ಬರತ್ತೆ, ಇನ್ನೊಂದು ದಿನ ಒತ್ತಿದ್ರೆ ಇರೋ ದೀಪಾನೂ ಆರಿ ಹೋಗತ್ತೆ" ಅಂದರು ಮನೆಯ ಯಜಮಾನರು. ನನಗಿಂತ ಮೊದಲು ಬಂದವರು ಕೀಪ್ಯಾಡ್ ಹೋಗಿದೆ ಅಂದಿದ್ದರಂತೆ. ಹೊಸ ಕೀಪ್ಯಾಡ್ ಹಾಕಿ, ಸೀನ್‌ಗಳನ್ನು, ಅಂದರೆ ಯಾವ ಬಟನ್‌ಗೆ ಯಾವ ದೀಪ ಎಷ್ಟು ಬೆಳಗಬೇಕು ಅನ್ನುವ ಹೊಂದಿಕೆಗಳನ್ನು, ಮತ್ತೆ ಸೇವ್ ಮಾಡಿ ಹೋದರಂತೆ. ನಾಲ್ಕು ದಿನ ಸರಿ ಇತ್ತು. ಐದನೇ ದಿನ ಮತ್ತೆ ಕತ್ತಲು.

ನಾನು ಲ್ಯಾಪ್‌ಟಾಪ್ ಜೋಡಿಸಿ, ಸೀನ್ ಮತ್ತೆ ಸರಿಪಡಿಸಿ, ಊಟದ ಬಟನ್ ಒತ್ತುತ್ತಾ ಕೂತೆ. ಇಪ್ಪತ್ತು ಸಲ ಒತ್ತಿದೆ. ಇಪ್ಪತ್ತು ಸಲವೂ ಸರಿಯಾಗಿ ಬಂತು. ಮನೆಯವರು ಕಾಫಿ ಕೊಟ್ಟರು. ಕುಡಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಯಿತು. ಆ ಮನೆಯ ಅಜ್ಜಿ ದೇವರ ಮನೆಯಿಂದ ಹೊರಗೆ ಬಂದರು. ಹಾಲ್‌ನ ದೀಪಗಳೆಲ್ಲ ಆರಿದ್ದವು. ಗೋಡೆಯ ಹತ್ತಿರ ಹೋಗಿ ಹೆಬ್ಬೆರಳನ್ನು ಊಟದ ಬಟನ್ ಮೇಲೆ ಇಟ್ಟರು. ಇಟ್ಟು ಹಾಗೇ ಒತ್ತಿ ಹಿಡಿದರು. ಹಳೆ ಕಾಲಿಂಗ್ ಬೆಲ್ ಒತ್ತುತ್ತೀವಲ್ಲ, ಒಳಗೆ ಸದ್ದು ಕೇಳಿಸಿತು ಅಂತ ಖಾತ್ರಿ ಆಗುವವರೆಗೆ, ಹಾಗೆ. ಮೂರು ಸೆಕೆಂಡ್ ಆಗಿರಬಹುದು. ದೀಪ ಬರಲಿಲ್ಲ.

ಲ್ಯಾಪ್‌ಟಾಪ್ ಪರದೆ ನೋಡಿದೆ. ನಾನು ಒತ್ತಿದಾಗಲೆಲ್ಲ 2 ಅಂತ ಬರುತ್ತಿದ್ದ ಸಂಖ್ಯೆ, ಅಜ್ಜಿ ಒತ್ತಿದಾಗ 130 ಅಂತ ಬಂದಿತ್ತು.

ಈ ಎರಡು ಸಂಖ್ಯೆಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ರೋಗ ಇದರಲ್ಲೇ ಇತ್ತು. ಕೆಎನ್‌ಎಕ್ಸ್‌ನಲ್ಲಿ ಸೀನ್ ಕರೆಯುವ ಸಂದೇಶ ಒಂದೇ ಬೈಟ್‌ನದು. ಸಾಫ್ಟ್‌ವೇರ್‌ನಲ್ಲಿ ಸೀನ್‌ಗಳಿಗೆ 1ರಿಂದ 64ರವರೆಗೆ ನಂಬರ್ ಕೊಡುತ್ತೇವೆ. ತಂತಿಯ ಮೇಲೆ ಹೋಗುವಾಗ ಅದೇ 0ಯಿಂದ 63 ಆಗುತ್ತದೆ. ಊಟದ್ದು ಮೂರನೇ ಸೀನ್, ಹಾಗಾಗಿ ತಂತಿಯಲ್ಲಿ 2. ಈ ಸಂಖ್ಯೆಗೆ 128 ಸೇರಿಸಿ ಕಳಿಸಿದರೆ ಅರ್ಥವೇ ಬದಲಾಗುತ್ತದೆ. "ಸೀನ್ ತೋರಿಸು" ಅನ್ನುವ ಬದಲು "ಈಗ ದೀಪಗಳು ಹೇಗಿವೆಯೋ ಹಾಗೇ ಈ ನಂಬರ್‌ನಲ್ಲಿ ಸೇವ್ ಮಾಡು" ಅಂತಾಗುತ್ತದೆ. 128 ಕೂಡಿಸು 2, 130. ಚಿಕ್ಕದಾಗಿ ಒತ್ತಿದರೆ ಕರೆಯುವುದು, ಒತ್ತಿ ಹಿಡಿದರೆ ಸೇವ್ ಮಾಡುವುದು. ಮನೆಯವರು ತಮಗೆ ಇಷ್ಟವಾದಷ್ಟು ಬೆಳಕು ಹೊಂದಿಸಿಕೊಂಡು ತಾವೇ ಸೇವ್ ಮಾಡಿಕೊಳ್ಳಲಿ ಅಂತ ಇರುವ ಸೌಲಭ್ಯ ಅದು. ಒಳ್ಳೆಯದೇ. ಆದರೆ ಆ ಮನೆಯಲ್ಲಿ ಅದನ್ನು ಯಾರಿಗೂ ಯಾರೂ ಹೇಳಿರಲಿಲ್ಲ. ಅಜ್ಜಿ ದೀಪಗಳೆಲ್ಲ ಆರಿದ್ದಾಗ ಬಟನ್ ಒತ್ತಿ ಹಿಡಿಯುತ್ತಿದ್ದರು. ಕತ್ತಲೇ "ಊಟ" ಅಂತ ಸೇವ್ ಆಗುತ್ತಿತ್ತು. ರಾತ್ರಿ ಮಗ ಬಂದು ಅದೇ ಬಟನ್ ಒತ್ತಿದರೆ ಕತ್ತಲು ಬರುತ್ತಿತ್ತು.

ಅಜ್ಜಿಯನ್ನು ಕೇಳಿದೆ, "ಅಜ್ಜಿ, ದಿನಾ ಹೀಗೇ ಒತ್ತುತ್ತೀರಾ?" ಅಂತ. ಅವರು ಹೇಳಿದ್ದು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. "ನಾನು ಮುಟ್ಟಿದ್ರೆ ಕೆಡತ್ತೆ ಅಂತ ಎಲ್ಲಾರೂ ಅಂತಾರೆ ಕಣಪ್ಪ. ಅದಕ್ಕೇ ಈಗೀಗ ಮಕ್ಕಳು ಬರೋವರೆಗೂ ಕತ್ತಲಲ್ಲೇ ಕೂತಿರ್ತೀನಿ. ಇವತ್ತು ನೀನಿದ್ದೀಯಲ್ಲ ಅಂತ ಒತ್ತಿದೆ."

ಆ ಬಟನ್‌ನ ಸೆಟ್ಟಿಂಗ್‌ನಲ್ಲಿ ಸೇವ್ ಮಾಡುವ ಆಯ್ಕೆ ತೆಗೆದೆ. ಐದು ನಿಮಿಷದ ಕೆಲಸ. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ. ಅದಕ್ಕೆ ಮೊದಲೇ ಒಂದು ಕೀಪ್ಯಾಡಿನ ದುಡ್ಡು ಹೋಗಿತ್ತು. ಎಂಬತ್ತು ದಾಟಿದ ಹೆಂಗಸು ತನ್ನದೇ ಮನೆಯಲ್ಲಿ ಎಷ್ಟೋ ಸಂಜೆ ಕತ್ತಲಲ್ಲಿ ಕೂತಿದ್ದಳು. ಇವತ್ತು ನಾನು ಇಲ್ಲಿ ಬಂದು ಮಾತಾಡುತ್ತಿರುವುದು ಅದಕ್ಕೇ. ಬಟನ್ ಕೆಲಸ ಮಾಡುತ್ತಿಲ್ಲ ಅಂತ ಯಾರಾದರೂ ಕರೆದರೆ ಮೊದಲು ಅವರು ಹೇಗೆ ಒತ್ತುತ್ತಾರೆ ಅಂತ ನೋಡಿ. ನೀವು ಒತ್ತಿ ನೋಡುವುದು ಆಮೇಲೆ.

ಈಗ ಹಳೆ ಸ್ವಿಚ್ ನೆನಪಿಸಿಕೊಳ್ಳಿ. ಒತ್ತಿದರೆ ಫೇಸ್ ಕೂಡುತ್ತದೆ, 230 ವೋಲ್ಟ್ ನೇರ ದೀಪಕ್ಕೆ ಹೋಗುತ್ತದೆ. ದೀಪ ಬರಲಿಲ್ಲ ಅಂದ್ರೆ ದೀಪ ಹೋಗಿರಬೇಕು, ಸ್ವಿಚ್ ಹೋಗಿರಬೇಕು, ಇಲ್ಲಾ ತಂತಿ ಎಲ್ಲೋ ಬಿಟ್ಟಿರಬೇಕು. ಟೆಸ್ಟರ್ ಇಟ್ಟರೆ ಮುಗಿಯಿತು. ಕೀಪ್ಯಾಡ್ ಬಟನ್‌ನಲ್ಲಿ ದೀಪದ ಕರೆಂಟ್ ಹಾಯುವುದೇ ಇಲ್ಲ. ಅದು ಸುದ್ದಿ ಕಳಿಸುತ್ತದೆ, ಅಷ್ಟೆ. ಆ ಸುದ್ದಿ ತಂತಿಯಲ್ಲೋ ಗಾಳಿಯಲ್ಲೋ ಹೋಗಿ ಹಬ್‌ಗೆ, ಅಂದರೆ ಎಲ್ಲಾ ಉಪಕರಣಗಳನ್ನು ನಡೆಸುವ ಪೆಟ್ಟಿಗೆಗೆ, ಇಲ್ಲವೇ ಡಿಮ್ಮರ್‌ಗೆ ಮುಟ್ಟಬೇಕು. ಅದು ತನ್ನ ನೆನಪಿನಿಂದ ಸೀನ್ ತೆಗೆಯಬೇಕು. ಚಾವಣಿ ಅಂಚಿನ ಕೋವ್ ಲೈಟ್ ನೂರಕ್ಕೆ 40, ಊಟದ ಮೇಜಿನ ದೀಪ 80, ಟಿವಿ ಗೋಡೆಯದು ಆಫ್, ಹೀಗೆ. ಆಮೇಲೆ ಎಲ್‌ಇಡಿಗೆ ಬೇಕಾದ ಹಾಗೆ ಕರೆಂಟ್ ಕೊಡುವ ಡ್ರೈವರ್. ಆಮೇಲೆ ದೀಪ.

ಅಡುಗೆ ಮನೆ ನಲ್ಲಿಯಲ್ಲಿ ನೀರು ಬರಲಿಲ್ಲ ಅಂತ ನಾವು ನಲ್ಲಿ ಬದಲಾಯಿಸುತ್ತೇವಾ? ಮೇಲೆ ಹೋಗಿ ಟ್ಯಾಂಕ್ ಮುಚ್ಚಳ ತೆಗೆದು ನೋಡುತ್ತೇವೆ. ಟ್ಯಾಂಕ್‌ನಲ್ಲಿ ನೀರಿದ್ದರೆ ತೊಂದರೆ ಕೆಳಗಿದೆ. ಇಲ್ಲದಿದ್ದರೆ ಮೋಟರ್, ಸಂಪ್ ಕಡೆ ಹೋಗುತ್ತೇವೆ. ಇಲ್ಲೂ ಹಾಗೇ ಮಧ್ಯದಲ್ಲಿ ಮುಚ್ಚಳ ತೆಗೆಯಬೇಕು. ಆ ಮುಚ್ಚಳ ಮೊಬೈಲ್ ಆ್ಯಪ್. ಬಟನ್ ಬಿಟ್ಟುಬಿಡಿ. ಆ್ಯಪ್‌ನಿಂದ ಅದೇ ಸೀನ್ ಕರೆಯಿರಿ. ಸರಿಯಾಗಿ ಬಂದರೆ ಸೀನ್, ಡಿಮ್ಮರ್, ದೀಪ ಎಲ್ಲಾ ಚೆನ್ನಾಗಿವೆ, ತೊಂದರೆ ಬಟನ್‌ನಿಂದ ಹಬ್‌ವರೆಗಿನ ದಾರಿಯಲ್ಲಿದೆ. ಆ್ಯಪ್‌ನಿಂದಲೂ ಬರಲಿಲ್ಲ ಅಂದ್ರೆ ಗೋಡೆ ಬಿಚ್ಚುವ ಅಗತ್ಯವೇ ಇಲ್ಲ, ಸೀನ್ ಮತ್ತು ದೀಪದ ಕಡೆ ಹೋಗಿ. ಹೀಗೆ ಒಂದೇ ಒತ್ತಿಗೆ ಅರ್ಧ ಮನೆ ನಿಮ್ಮ ಅನುಮಾನದಿಂದ ಆಚೆ ಹೋಗುತ್ತದೆ.

ತಂತಿಯ ವ್ಯವಸ್ಥೆ ಇದ್ದರೆ ಮೀಟರ್ ಹಿಡಿಯಿರಿ. ಕೆಎನ್‌ಎಕ್ಸ್ ಬಸ್ ತಂತಿಯಲ್ಲಿ, ಅಂದರೆ ಸುದ್ದಿ ಹೊರುವ ತಂತಿಯಲ್ಲಿ, ಸುಮಾರು 29, 30 ವೋಲ್ಟ್ ಡಿಸಿ ಇರಬೇಕು. 21ಕ್ಕಿಂತ ಕೆಳಗೆ ಬಂದರೆ ಉಪಕರಣಗಳು ನೆಟ್ಟಗೆ ಕೆಲಸ ಮಾಡುವುದಿಲ್ಲ. ಡಾಲಿ ಅಂದರೆ ದೀಪಗಳ ಡ್ರೈವರ್‌ಗಳಿಗೆ ಸುದ್ದಿ ಒಯ್ಯುವ ಇನ್ನೊಂದು ತಂತಿಯ ವ್ಯವಸ್ಥೆ, ಅದರ ತಂತಿಯಲ್ಲಿ 16 ವೋಲ್ಟ್ ಆಸುಪಾಸು ಕಾಣಬೇಕು. ಮೀಟರ್ ಹೇಳುವುದನ್ನು ನಂಬಿ. ಇನ್ನೊಂದು ಮಾತು, ಇದನ್ನು ಜೋರಾಗಿಯೇ ಹೇಳುತ್ತೇನೆ. ಬೋರ್ಡ್ ಬಿಚ್ಚುವ ಮೊದಲು ಮೇನ್ ಇಳಿಸಿದರೆ ಸಾಲದು. ನಮ್ಮ ಮನೆಗಳಲ್ಲಿ ಇನ್ವರ್ಟರ್ ಇದೆ. ಮೇನ್ ಇಳಿಸಿದ ಕ್ಷಣವೇ ಇನ್ವರ್ಟರ್ ಎದ್ದು ದೀಪದ ಲೈನಿಗೆ 230 ವೋಲ್ಟ್ ಕೊಡುತ್ತದೆ. ಅದನ್ನೂ ಆಫ್ ಮಾಡಿ, ಟೆಸ್ಟರ್ ಇಟ್ಟು ನೋಡಿ, ಆಮೇಲೆ ಕೈ ಹಾಕಿ.

ನನಗೆ ಬರುವ ದೂರುಗಳಲ್ಲಿ ಜಾಸ್ತಿ ಕೇಳುವುದು "ಎರಡು ಸಲ ಒತ್ತಬೇಕು" ಅನ್ನುವುದು. ಒಂದು ಸಲ ಒತ್ತಿದರೆ ಏನೂ ಆಗುವುದಿಲ್ಲ, ಎರಡನೇ ಸಲಕ್ಕೆ ಬರುತ್ತದೆ. ಬಟನ್ ಸವೆದಿದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಒಂದೇ ಬಟನ್‌ಗೆ ಆನ್, ಆಫ್ ಎರಡೂ ಕೊಟ್ಟಿದ್ದಾಗ ಬಟನ್ ಒಂದು ಲೆಕ್ಕ ಇಟ್ಟುಕೊಂಡಿರುತ್ತದೆ. "ಹಿಂದಿನ ಸಲ ನಾನು ಆನ್ ಕಳಿಸಿದ್ದೆ, ಈ ಸಲ ಆಫ್." ನಡುವೆ ಯಾರೋ ಫೋನಿನಿಂದಲೋ ಮಂಚದ ಪಕ್ಕದ ಬಟನ್‌ನಿಂದಲೋ ದೀಪ ಆರಿಸಿದ್ದಾರೆ. ಅದು ಈ ಬಟನ್‌ಗೆ ತಿಳಿದಿಲ್ಲ. ಆರಿದ ದೀಪಕ್ಕೆ ಮತ್ತೆ ಆಫ್ ಕಳಿಸುತ್ತದೆ. ನಮ್ಮ ಕಣ್ಣಿಗೆ ಏನೂ ಆಗಲಿಲ್ಲ. ಡಿಮ್ಮರ್ ತನ್ನ ಸ್ಥಿತಿಯನ್ನು ವಾಪಸ್ ಬಟನ್‌ಗೆ ಹೇಳುವ ಹಾಗೆ ಜೋಡಿಸಿದರೆ ಇದು ಹೋಗುತ್ತದೆ. ಕೆಎನ್‌ಎಕ್ಸ್ ಮಾಡುವವರು ಡಿಮ್ಮರ್ ತನ್ನ ಸ್ಥಿತಿ ಹೇಳುವ ಸ್ಟೇಟಸ್ ವಿಳಾಸವನ್ನು ಕೀಪ್ಯಾಡ್‌ಗೂ ಸೇರಿಸಿದ್ದೀರಾ ನೋಡಿ. ಸೀನ್ ಬಟನ್‌ಗಳ ಮಟ್ಟಿಗೆ ನನ್ನ ಅಭಿಪ್ರಾಯ ಕೇಳಿದರೆ, ಆನ್ ಆಫ್ ಎರಡನ್ನೂ ಒಂದೇ ಬಟನ್‌ಗೆ ಕೊಡಲೇಬೇಡಿ. ಊಟ ಅಂದ್ರೆ ಯಾವಾಗ ಒತ್ತಿದರೂ ಊಟದ ಬೆಳಕೇ ಬರಬೇಕು. ಆರಿಸುವುದಕ್ಕೆ ಬೇರೆ ಬಟನ್ ಇರಲಿ.

ಒತ್ತಿ ಅರ್ಧ ಸೆಕೆಂಡ್ ಬಿಟ್ಟು ದೀಪ ಬರುವುದು ಇದರ ತಮ್ಮ. ಬಟನ್‌ಗೆ ಡಬಲ್ ಟ್ಯಾಪ್ ಕೂಡ ಕೊಟ್ಟಿದ್ದರೆ, ಇನ್ನೊಂದು ಸಲ ಒತ್ತುತ್ತಾರೇನೋ ಅಂತ ಅದು ಕಾಯುತ್ತದೆ. ಡಬಲ್ ಟ್ಯಾಪ್ ತೆಗೆದರೆ ದೀಪ ತಕ್ಷಣ ಬರುತ್ತದೆ.

ಬಟನ್ ಪಕ್ಕದ ಚಿಕ್ಕ ದೀಪದ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಕೆಲವು ಕೀಪ್ಯಾಡ್‌ಗಳಲ್ಲಿ ಅದು ಸೀನ್‌ನ ಎಲ್ಲ ದೀಪಗಳೂ ಹೇಳಿದಷ್ಟೇ ಬೆಳಕಿನಲ್ಲಿ ಇದ್ದರೆ ಮಾತ್ರ ಹೊತ್ತಿರುತ್ತದೆ. ಯಾರಾದರೂ ಒಂದೇ ಒಂದು ದೀಪವನ್ನು ಸ್ವಲ್ಪ ಕಡಿಮೆ ಮಾಡಿದರೂ ಆರುತ್ತದೆ. ಇನ್ನು ಕೆಲವು ಕಡೆ ರೂಮಿನಲ್ಲಿ ಯಾವುದೋ ಒಂದು ದೀಪ ಉರಿಯುತ್ತಿದ್ದರೂ ಅದು ಹೊತ್ತಿರುತ್ತದೆ. ಎರಡೂ ಸರಿಯಾದ ಲೆಕ್ಕಗಳೇ. ಆ ಮನೆಯಲ್ಲಿ ಯಾವುದನ್ನು ಇಟ್ಟಿದ್ದಾರೆ ಅಂತ ತಿಳಿದುಕೊಂಡು ಮನೆಯವರಿಗೆ ಹೇಳಿಬಿಡಿ. ಅರ್ಧ ದೂರು ಅಲ್ಲೇ ಮುಗಿಯುತ್ತದೆ.

ಊಟ ಒತ್ತಿದರೆ ಟಿವಿ ಸೀನ್, ಟಿವಿ ಒತ್ತಿದರೆ ಮಲಗುವ ಸೀನ್ ಬರುತ್ತಿದೆಯಾ? ಎಲ್ಲವೂ ಒಂದೊಂದು ಸ್ಥಾನ ಪಕ್ಕಕ್ಕೆ ಸರಿದ ಹಾಗೆ? ಅದು ಆಗಲೇ ಹೇಳಿದ 0 ಮತ್ತು 1ರ ಗೊಂದಲ. ಒಂದು ಕಂಪನಿಯ ಕೀಪ್ಯಾಡ್ ಎಣಿಕೆಯನ್ನು 1ರಿಂದ ತೋರಿಸುತ್ತದೆ, ಇನ್ನೊಂದು ಕಂಪನಿಯ ಡಿಮ್ಮರ್ 0ಯಿಂದ. ಒಂದು ಕಡೆ ಒಂದು ಸಂಖ್ಯೆ ಸರಿಸಿದರೆ ಆಯಿತು.

ಈಗ ತಂತಿ ಇಲ್ಲದ ವ್ಯವಸ್ಥೆಗೆ ಬರೋಣ. ಕಟ್ಟಿ ಮುಗಿದ ಮನೆಗೆ ಗೋಡೆ ಕೊರೆಯದೆ ಹಾಕಬಹುದು ಅಂತ ಇಲ್ಲಿ ತುಂಬ ಜನ ಜಿಗ್ಬಿ ಅನ್ನುವ ರೇಡಿಯೋ ವ್ಯವಸ್ಥೆ ಹಾಕಿಸಿದ್ದೀರಿ. ಜಿಗ್ಬಿ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ, ಚಾನೆಲ್ 11ರಿಂದ 26ರವರೆಗೆ. ವೈಫೈ ಕೂಡ ಅದೇ ಬೀದಿಯಲ್ಲಿ ಓಡಾಡುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಒಂದೊಂದು ರೌಟರ್. ಸಂಜೆ ಎಲ್ಲರೂ ಮನೆ ಸೇರಿ ವಿಡಿಯೋ ಹಾಕಿದ ಹೊತ್ತಿಗೆ ಬಟನ್ ತಡವರಿಸುತ್ತದೆ, ಬೆಳಿಗ್ಗೆ ಚೆನ್ನಾಗಿರುತ್ತದೆ. ಹೀಗೆ ಹೊತ್ತು ನೋಡಿಕೊಂಡು ಬರುವ ತೊಂದರೆ ಅಂದ್ರೆ ಮೊದಲ ಅನುಮಾನ ಗಾಳಿಯ ಮೇಲಿರಲಿ. ವೈಫೈಯನ್ನು 1, 6, 11ರಲ್ಲಿ ಒಂದಕ್ಕೆ ಕಟ್ಟಿಹಾಕಿ, ಜಿಗ್ಬಿಯನ್ನು ಅದರಿಂದ ದೂರದ ಚಾನೆಲ್‌ಗೆ ಸರಿಸಿ. ಹಬ್ ಅನ್ನು ರೌಟರ್ ತಲೆ ಮೇಲೆ ಇಡಬೇಡಿ, ಒಂದು ಮೀಟರ್ ಆದರೂ ದೂರ ಇರಲಿ.

ನಮ್ಮಲ್ಲಿ ಸ್ವಿಚ್ ಬೋರ್ಡ್ ಹಿಂದೆ ಜಿಐ ಬಾಕ್ಸ್, ಅಂದರೆ ಸತು ಲೇಪಿಸಿದ ಕಬ್ಬಿಣದ ಬಾಕ್ಸ್, ಹೂಳುವ ರೂಢಿ ಇದೆ. ಮುಂಭಾಗ ಬಿಟ್ಟು ಎಲ್ಲಾ ಕಡೆ ತಗಡು, ಸುತ್ತ ಕಾಂಕ್ರೀಟು ಇಲ್ಲವೇ ಇಟ್ಟಿಗೆ. ಅದರೊಳಗೆ ರೇಡಿಯೋ ಇರುವ ಮಾಡ್ಯೂಲ್ ಕೂರಿಸಿದರೆ ಅದು ಬಾವಿಯೊಳಗಿಂದ ಕೂಗಿದ ಹಾಗೆ. ಬ್ಯಾಟರಿ ಕೀಪ್ಯಾಡ್ ಆದರೆ ಪರೀಕ್ಷೆ ಸುಲಭ. ಅದನ್ನು ಗೋಡೆಯಿಂದ ಬಿಡಿಸಿ ಕೈಯಲ್ಲಿ ಹಿಡಿದು ಹಬ್ ಪಕ್ಕ ಹೋಗಿ ಒತ್ತಿ. ಅಲ್ಲಿ ಹತ್ತಕ್ಕೆ ಹತ್ತು ಸಲ ಸರಿ, ಗೋಡೆಯ ಮೇಲೆ ಹತ್ತಕ್ಕೆ ಆರು ಸಲ ಸರಿ ಅಂದ್ರೆ ಕೀಪ್ಯಾಡ್‌ನದೇನೂ ತಪ್ಪಿಲ್ಲ, ದಾರಿ ಸರಿ ಇಲ್ಲ. ಬ್ಯಾಟರಿಯನ್ನೂ ಅಳೆಯಿರಿ. ಸಿಆರ್2032 ಸೆಲ್ 3 ವೋಲ್ಟ್‌ನದು. ಹಳೆಯ ಸೆಲ್‌ಗೆ ಚಿಕ್ಕ ಎಲ್‌ಇಡಿ ಮಿನುಗಿಸುವಷ್ಟು ಜೀವ ಇರುತ್ತದೆ, ರೇಡಿಯೋ ಎಬ್ಬಿಸುವಷ್ಟು ಇರುವುದಿಲ್ಲ. ಬಟನ್ ಮಿನುಗಿತು ಅಂದ ಮಾತ್ರಕ್ಕೆ ಸುದ್ದಿ ಹೋಯಿತು ಅಂತ ತಿಳಿಯಬೇಡಿ.

ಜಿಗ್ಬಿಯಲ್ಲಿ ನನ್ನನ್ನು ತುಂಬ ಹೊತ್ತು ಹುಡುಕಿಸಿದ ಒಂದು ತೊಂದರೆ ಹೇಳಬೇಕು. ಒಂದು ಮನೆಯಲ್ಲಿ ದೇವರ ಮನೆಯ ಬಟನ್ ಕೆಲವು ದಿನ ಪೂರ್ತಿ ಸತ್ತಿರುತ್ತಿತ್ತು. ದೇವರ ಮನೆಯಲ್ಲಿ ಎಲ್ಲವೂ ಸರಿ. ಕಡೆಗೆ ಸಿಕ್ಕಿದ ಕಾರಣ ವರಾಂಡದಲ್ಲಿತ್ತು. ಕರೆಂಟ್‌ಗೆ ಜೋಡಿಸಿದ ಜಿಗ್ಬಿ ಬಲ್ಬ್ ಬರೀ ಬಲ್ಬ್ ಆಗಿರುವುದಿಲ್ಲ, ಅಕ್ಕಪಕ್ಕದವರ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಕೆಲಸವನ್ನೂ ಮಾಡುತ್ತದೆ. ದೇವರ ಮನೆಯ ಬಟನ್‌ನ ಸುದ್ದಿ ವರಾಂಡದ ಬಲ್ಬ್ ದಾಟಿಕೊಂಡು ಹಬ್‌ಗೆ ಹೋಗುತ್ತಿತ್ತು. ಆ ಮನೆಯ ತಾತ ಮಲಗುವ ಮೊದಲು ವರಾಂಡದ ಹಳೆ ಸ್ವಿಚ್ ಆರಿಸಿ ಬರುತ್ತಿದ್ದರು. ದೀಪ ಉರಿಸಿ ಬಿಡಬಾರದು ಅನ್ನುವುದು ಅವರ ಜೀವಮಾನದ ಅಭ್ಯಾಸ. ಅವರದ್ದು ಸರಿಯಾದ ಅಭ್ಯಾಸ, ಅಲ್ವಾ? ಅದನ್ನು ಬಿಡಿ ಅಂತ ಹೇಳಲು ನನಗೆ ಮನಸ್ಸು ಬರಲಿಲ್ಲ. ಬಲ್ಬ್‌ಗೆ ಸದಾ ಕರೆಂಟ್ ಇರುವ ಹಾಗೆ ಮಾಡಿ, ಸ್ವಿಚ್ ಇದ್ದ ಜಾಗದಲ್ಲೇ ಅದೇ ಎತ್ತರಕ್ಕೆ ಒಂದು ಬ್ಯಾಟರಿ ಬಟನ್ ಕೂರಿಸಿದೆ. ತಾತ ಈಗಲೂ ಅದೇ ಜಾಗದಲ್ಲಿ ಆರಿಸುತ್ತಾರೆ. ಬೆಳಕು ಆರುತ್ತದೆ, ದಾರಿ ಉಳಿಯುತ್ತದೆ.

ದೀಪಗಳು ಒಟ್ಟಿಗೆ ಬರದೆ ಪಟಪಟ ಅಂತ ಒಂದಾದ ಮೇಲೊಂದು ಬಂದರೆ, ಹಬ್ ಪ್ರತಿ ದೀಪಕ್ಕೂ ಬೇರೆ ಬೇರೆ ಹೇಳುತ್ತಿದೆ ಅಂತ ಅರ್ಥ. ಅವನ್ನು ಒಂದು ಗ್ರೂಪ್ ಮಾಡಿ, ಗ್ರೂಪ್‌ಗೆ ಒಂದೇ ಸಲ ಹೇಳಿಸಿ. ಗ್ರೂಪ್‌ನಲ್ಲಿ ಒಂದು ಕಷ್ಟವಿದೆ. ಅದು ಊರಿಗೆಲ್ಲ ಡಂಗುರ ಸಾರಿದ ಹಾಗೆ, ಕೇಳಿಸಿತೋ ಇಲ್ಲವೋ ಅಂತ ಪ್ರತಿಯೊಬ್ಬರಿಂದ ಉತ್ತರ ಬರುವುದಿಲ್ಲ. ಮೂಲೆಯ ಒಂದು ದೀಪ ಆಗಾಗ ಹಿಂದೆ ಬಿದ್ದರೆ ಅದರ ಹತ್ತಿರ ಸಿಗ್ನಲ್ ಬಲಪಡಿಸಬೇಕು.

ನಮ್ಮ ಕಡೆ ಇದೆಲ್ಲಕ್ಕಿಂತ ದೊಡ್ಡ ಪರೀಕ್ಷೆ ಕರೆಂಟ್ ಹೋಗಿ ಬರುವುದು. ಏಪ್ರಿಲ್, ಮೇ ತಿಂಗಳಲ್ಲಿ ಮೊದಲ ಗುಡುಗು ಮಳೆ ಬಿದ್ದ ರಾತ್ರಿ ನನ್ನ ಫೋನ್ ಸುಮ್ನೆ ಇರುವುದಿಲ್ಲ. ರಾತ್ರಿ ಮೂರು ಗಂಟೆಗೆ ಕರೆಂಟ್ ಬಂತು, ಮಲಗುವ ಕೋಣೆಯ ಎಲ್ಲಾ ದೀಪಗಳೂ ಪೂರ್ತಿ ಬೆಳಗಿದವು, ಮಗು ಎದ್ದು ಅಳುತ್ತಿದೆ. ಸ್ಮಾರ್ಟ್ ಬಲ್ಬ್‌ಗಳಲ್ಲಿ ಕರೆಂಟ್ ವಾಪಸ್ ಬಂದಾಗ ಏನು ಮಾಡಬೇಕು ಅನ್ನುವ ಸೆಟ್ಟಿಂಗ್ ಇರುತ್ತದೆ. ಉರಿ, ಆರಿಯೇ ಇರು, ಮೊದಲು ಹೇಗಿದ್ದೆಯೋ ಹಾಗೇ ಇರು. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ "ಉರಿ" ಅಂತಲೇ ಇರುತ್ತದೆ. ಗೋಡೆ ಸ್ವಿಚ್ ಹಾಕಿದರೆ ಬಲ್ಬ್ ಹತ್ತಲೇಬೇಕಲ್ಲ, ಅದಕ್ಕೆ. ಮಲಗುವ ಕೋಣೆಯಲ್ಲಿ ಮಾತ್ರ ಅದನ್ನು "ಮೊದಲಿನ ಹಾಗೇ ಇರು" ಅಂತ ಬದಲಾಯಿಸಿ. ಮನೆ ಒಪ್ಪಿಸುವ ಮೊದಲು ಎಂಸಿಬಿ (ಮೇನ್ ಬೋರ್ಡಿನ ಸ್ವಿಚ್) ಇಳಿಸಿ ಎತ್ತಿ ನೋಡಿ. ನಾನು ಮೂರು ಸಲ ಮಾಡುತ್ತೇನೆ. ಹಬ್ ಮತ್ತು ರೌಟರ್ ಇನ್ವರ್ಟರ್ ಲೈನಿನಲ್ಲೇ ಇರಲಿ. ಇನ್ವರ್ಟರ್‌ನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದನ್ನೇ ಇಡಿ. ಇನ್ನೊಂದು ಮೋಡ್‌ನಲ್ಲಿ ಬದಲಾಯಿಸಿಕೊಳ್ಳಲು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ, ಅಷ್ಟರಲ್ಲಿ ರೌಟರ್ ಮಲಗಿ ಏಳುತ್ತದೆ.

ಡಾಲಿ ಇರುವ ಕಡೆ ಹಗಲು ಹೊತ್ತಿನಲ್ಲೇ ಎಲ್ಲಾ ದೀಪ ಒಮ್ಮೆಲೇ ಪೂರ್ತಿ ಬೆಳಗಿ, ಯಾವ ಬಟನ್‌ಗೂ ಬಗ್ಗದಿದ್ದರೆ ಡಾಲಿ ತಂತಿ ಕಡಿದಿದೆ ಅಥವಾ ಅದಕ್ಕೆ ಪವರ್ ಹೋಗಿದೆ ಅಂತ ತಿಳಿಯಿರಿ. ಸುದ್ದಿ ತಂತಿ ಸತ್ತರೆ ಕತ್ತಲಾಗಬಾರದು ಅಂತ ಡ್ರೈವರ್‌ಗಳನ್ನು ಹಾಗೇ ಮಾಡಿಟ್ಟಿರುತ್ತಾರೆ. ಡಾಲಿಯಲ್ಲಿ ಸೀನ್ ಇರುವುದು ಡ್ರೈವರ್‌ನ ನೆನಪಿನಲ್ಲೇ. ಒಂದೊಂದರಲ್ಲಿ 16 ಸೀನ್‌ಗೆ ಜಾಗ, ಒಂದು ಲೈನಿಗೆ 64 ವಿಳಾಸ. ಹಾಗಾಗಿ ಕೆಟ್ಟ ಡ್ರೈವರ್ ತೆಗೆದು ಹೊಸದು ಹಾಕಿದರೆ ಅದಕ್ಕೆ ವಿಳಾಸವೂ ಇಲ್ಲ, ನೆನಪೂ ಇಲ್ಲ. ಉಳಿದ ದೀಪಗಳು ಮಂದವಾದಾಗ ಅದೊಂದು ಝಗಝಗ ಉರಿಯುತ್ತಿರುತ್ತದೆ. ಮತ್ತೆ ವಿಳಾಸ ಕೊಟ್ಟು, ಗ್ರೂಪ್‌ಗೆ ಸೇರಿಸಿ, ಸೀನ್ ತುಂಬಬೇಕು.

ಗಡಿಯಾರದ ತೊಂದರೆಗೆ ಒಂದು ಗುರುತಿದೆ. ಹೊಸ ಮನೆಯೊಂದರಲ್ಲಿ ಸಂಜೆ 6:30ಕ್ಕೆ ಹತ್ತಬೇಕಾದ ಗೇಟ್ ದೀಪ ಸರಿಯಾಗಿ ರಾತ್ರಿ 12ಕ್ಕೆ ಹತ್ತುತ್ತಿತ್ತು. ಬೆಳಿಗ್ಗೆ 6ಕ್ಕೆ ಆರಬೇಕಾದ್ದು 11:30ಕ್ಕೆ ಆರುತ್ತಿತ್ತು. ಎರಡಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲ ಆಧಾರವಾಗಿಟ್ಟುಕೊಂಡ ಸಮಯಕ್ಕಿಂತ, ಐದೂವರೆ ಗಂಟೆ ಮುಂದೆ. ಹಬ್‌ನಲ್ಲಿ ಟೈಮ್ ಝೋನ್ ಹಾಕಿಯೇ ಇರಲಿಲ್ಲ. ತಡ ಆಗುತ್ತಿದೆ ಅಂತ ದೂರು ಬಂದರೆ ಎಷ್ಟು ತಡ ಅಂತ ಕೇಳಿ, ಐದೂವರೆ ಅಂದ್ರೆ ಬೇರೆ ಏನೂ ನೋಡಬೇಡಿ. ಗೇಟ್ ದೀಪಕ್ಕಂತೂ ಗಡಿಯಾರಕ್ಕಿಂತ ಸೂರ್ಯಾಸ್ತವೇ ಒಳ್ಳೆಯದು. ಮೈಸೂರಿನಲ್ಲಿ ನವೆಂಬರ್‌ಗೂ ಜುಲೈಗೂ ಸೂರ್ಯ ಮುಳುಗುವ ಹೊತ್ತಿನಲ್ಲಿ ಸುಮಾರು ಒಂದು ಗಂಟೆ ಹೆಚ್ಚು ಕಡಿಮೆ ಇದೆ.

ಮಂದ ಬೆಳಕಿನಲ್ಲಿ ದೀಪ ಮಿಣಮಿಣ ಅಂದರೆ ಸೀನ್ ಕೆಟ್ಟಿಲ್ಲ. ಆ ಬಲ್ಬ್ ಡಿಮ್ ಆಗುವಂಥದ್ದೇ ಅಲ್ಲದಿರಬಹುದು, ಇಲ್ಲವೇ ಡಿಮ್ಮರ್ ಅದನ್ನು ತೀರಾ ಕೆಳಗೆ ಎಳೆಯುತ್ತಿರಬಹುದು. ಡಿಮ್ಮರ್‌ನಲ್ಲಿ ಕನಿಷ್ಠ ಮಟ್ಟವನ್ನು ಸ್ವಲ್ಪ ಏರಿಸಿ ನೋಡಿ. ಆರಿಸಿದ ಮೇಲೂ ಎಲ್‌ಇಡಿ ಬೂದಿಯೊಳಗಿನ ಕೆಂಡದ ಹಾಗೆ ಉಳಿದರೆ ನ್ಯೂಟ್ರಲ್ ಇಲ್ಲದ ಮಾಡ್ಯೂಲ್ ಹಾಕಿರಬಹುದು. ಅದು ತಾನು ಬದುಕಿರಲು ಬೇಕಾದ ಚೂರು ಕರೆಂಟನ್ನು ದೀಪದ ಮೂಲಕವೇ ಎಳೆದುಕೊಳ್ಳುತ್ತದೆ. ದೀಪಕ್ಕೆ ಅಡ್ಡವಾಗಿ ಬೈಪಾಸ್ ಅನ್ನುವ ಚಿಕ್ಕ ಬಿಡಿಭಾಗ ಹಾಕಿದರೆ ಹೋಗುತ್ತದೆ. ಮನೆ ಕಟ್ಟಿಸುತ್ತಿರುವವರು ದಯವಿಟ್ಟು ಎಲ್ಲಾ ಸ್ವಿಚ್ ಬಾಕ್ಸ್‌ಗೂ ಒಂದು ನ್ಯೂಟ್ರಲ್ ಎಳೆಸಿಬಿಡಿ. ಗೋಡೆ ಪ್ಲಾಸ್ಟರ್ ಆಗುವ ಮೊದಲು ಅದು ಬರೀ ತಂತಿಯ ಖರ್ಚು.

ಅಮೆರಿಕದಲ್ಲಿರುವ ಮಕ್ಕಳು ಅಪ್ಪ ಅಮ್ಮನ ಮನೆಗೆ ಅಂತ ಅಲ್ಲಿಂದ ಸಾಮಾನು ತರುತ್ತಾರೆ. ಪ್ರೀತಿಯಿಂದ ತರುತ್ತಾರೆ. ಆದರೆ ಝಡ್-ವೇವ್ ಅನ್ನುವ ಇನ್ನೊಂದು ರೇಡಿಯೋ ವ್ಯವಸ್ಥೆಯ ಉಪಕರಣ ಅಲ್ಲಿ 908.4 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ, ಇಲ್ಲಿನದು 865.2ರಲ್ಲಿ. ಎಷ್ಟು ಸಲ ಪೇರ್ ಮಾಡಿದರೂ ಒಂದನ್ನೊಂದು ಕೇಳಿಸಿಕೊಳ್ಳುವುದಿಲ್ಲ. ಜೊತೆಗೆ ಅಲ್ಲಿನ ಸ್ವಿಚ್‌ಗಳು 120 ವೋಲ್ಟ್‌ಗೆ ಮಾಡಿದವು, 230ಕ್ಕೆ ಜೋಡಿಸಿದರೆ ಅಪಾಯ. ಆ್ಯಪ್‌ನ ಖಾತೆ ಮಗನ ಹೆಸರಿನಲ್ಲಿ, ಒಟಿಪಿ ಮಗನ ಫೋನಿಗೆ. ಇಲ್ಲಿ ಹಗಲು, ಅಲ್ಲಿ ನಡುರಾತ್ರಿ. ಅಪ್ಪ ಅಮ್ಮನ ಹೆಸರಿನಲ್ಲೂ ಒಂದು ಖಾತೆ ಇರಲಿ.

ಈಗ ನಮ್ಮ ಮನೆಯಲ್ಲೇ ಆದದ್ದು. ಮಂಚದ ಪಕ್ಕ ನಾನು "ಎಲ್ಲಾ ಆಫ್" ಬಟನ್ ಕೊಟ್ಟಿದ್ದೆ. ಒಂದು ರಾತ್ರಿ ಅಪ್ಪ ಮಲಗುವಾಗ ಅದನ್ನು ಒತ್ತಿದರು. ಅಮ್ಮ ಬಚ್ಚಲು ಮನೆಯಲ್ಲಿದ್ದರು. ಒದ್ದೆ ನೆಲ, ಕತ್ತಲು. ಗೋಡೆ ಹಿಡಿದುಕೊಂಡು ನಿಂತಲ್ಲೇ ನಿಂತು ಕೂಗಿದರಂತೆ. ಬಿದ್ದಿದ್ದರೆ ಏನು ಗತಿ ಅಂತ ನೆನೆದರೆ ಇವತ್ತಿಗೂ ಎದೆ ಝಲ್ ಅನ್ನುತ್ತದೆ. ಮರುದಿನವೇ ಬಚ್ಚಲು ಮನೆ ಮತ್ತು ಮೆಟ್ಟಿಲ ದೀಪಗಳನ್ನು ಆ ಸೀನ್‌ನಿಂದ ತೆಗೆದೆ. ಆಮೇಲೆ ನಾನು ಮಾಡಿದ ಯಾವ ಮನೆಯಲ್ಲೂ ಅವೆರಡನ್ನು "ಎಲ್ಲಾ ಆಫ್"ಗೆ ಸೇರಿಸಿಲ್ಲ. ನೀವೂ ಸೇರಿಸಬೇಡಿ.

ಮಾತು ಮುಗಿಸುವಾಗ ಮೂರು ಪ್ರಶ್ನೆ ಬಂದವು. ಅವನ್ನೂ ಇಲ್ಲಿ ಸೇರಿಸಿದ್ದೇನೆ.

ಒಬ್ಬ ತಾಯಿ ಕೇಳಿದರು, "ಎಷ್ಟು ಬಟನ್ ಹಾಕಿಸಬೇಕು?" ನನ್ನ ಅನುಭವದಲ್ಲಿ ಒಂದು ಕೋಣೆಗೆ ನಾಲ್ಕು ಸಾಕು. ಆರು, ಎಂಟು ಹಾಕಿಸಿದ ಮನೆಗಳಲ್ಲೂ ದಿನಾ ಬಳಸುವುದು ಮೂರನ್ನೇ. ಬಟನ್ ಮೇಲೆ ಕನ್ನಡದಲ್ಲಿ ಬರೆಸಿ. ಊಟ, ಟಿವಿ, ಮಲಗು, ಎಲ್ಲಾ ಆಫ್. ಇಂಗ್ಲಿಷ್‌ನಲ್ಲಿ ಕೆತ್ತಿಸಿದ ಬಟನ್ ಎದುರು ಹಿರಿಯರು ಜಾಗ ಎಣಿಸಿಕೊಂಡು ಒತ್ತುವುದನ್ನು ನೋಡಿದ್ದೇನೆ.

ಇನ್ನೊಬ್ಬರು, "ಹಳೆ ಸ್ವಿಚ್ಚೇ ಸಾಕಲ್ವಾ ಸರ್?" ಅಂದರು. ಕೆಲವು ಕಡೆ ಹೌದು. ನಮ್ಮ ಮನೆಯ ಅಡುಗೆ ಮನೆ, ಸ್ಟೋರ್ ರೂಮಿನಲ್ಲಿ ಇವತ್ತಿಗೂ ಮಾಮೂಲಿ ಸ್ವಿಚ್ ಇದೆ. ಏಳೆಂಟು ಬಗೆಯ ದೀಪ ಇರುವ ಹಾಲ್‌ನಲ್ಲಿ ಮಾತ್ರ ಸೀನ್ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಮಂಡ್ಯದಿಂದ ಬಂದಿದ್ದ ಒಬ್ಬ ಹುಡುಗ, "ಅಣ್ಣಾ, ಕೆಲಸ ಮುಗಿಸಿ ಬರುವಾಗ ಮನೆಯವರಿಗೆ ಏನು ಕೊಟ್ಟು ಬರಬೇಕು?" ಅಂದ. ತುಂಬ ಒಳ್ಳೆಯ ಪ್ರಶ್ನೆ. ಮನೆಯ ಎಲ್ಲಾ ಸೆಟ್ಟಿಂಗ್ ಇರುವ ಪ್ರಾಜೆಕ್ಟ್ ಫೈಲ್‌ನ ಒಂದು ಪ್ರತಿ ಕೊಡಿ. ಅದು ಅವರ ಮನೆಯದು, ನಮ್ಮದಲ್ಲ. ನಾಳೆ ನಾವು ಸಿಗದಿದ್ದರೂ ಇನ್ನೊಬ್ಬರು ಬಂದು ಸರಿ ಮಾಡುವ ಹಾಗಿರಬೇಕು. ಜೊತೆಗೆ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ, ಅದರ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿ. ಯಾವ ಬಟನ್‌ಗೆ ಯಾವ ದೀಪ ಎಷ್ಟು, ಹಬ್ ಎಲ್ಲಿದೆ, ಅದರ ಎಂಸಿಬಿ ಯಾವುದು, ವೈಫೈ ಹೆಸರು ಏನು. ರೌಟರ್ ಬದಲಾಯಿಸಿದರೂ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟುಕೊಳ್ಳಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ಅದೊಂದು ಸಾಲಿನಿಂದ ಎಷ್ಟೋ ವೈಫೈ ಬಲ್ಬ್‌ಗಳು ಅನಾಥವಾಗುವುದು ತಪ್ಪಿದೆ.

ಈಗ ಹಲಗೆ ಹತ್ತಿರ ಬನ್ನಿ. ಕೀಪ್ಯಾಡ್‌ನ ಮೂರನೇ ಬಟನ್ ಬೇಕಂತಲೇ ಕೆಡಿಸಿಟ್ಟಿದ್ದೇನೆ. ಒಂದು ಸಲ ಒತ್ತಿದರೆ ಸರಿಯಾಗಿ ಬರುತ್ತದೆ, ಇನ್ನೊಂದು ಸಲ ಬರುವುದಿಲ್ಲ. ಮೀಟರ್ ಅಲ್ಲಿದೆ, ಆ್ಯಪ್ ಇರುವ ಫೋನ್ ಇಲ್ಲಿದೆ. ಒಬ್ಬರು ಒತ್ತಲಿ, ಉಳಿದವರು ಅವರ ಬೆರಳು ನೋಡಿ. ಹಲಗೆಯ ಹಿಂದಿನ ಕವರ್ ಮಾತ್ರ ಬಿಚ್ಚಬೇಡಿ, ಅದರಲ್ಲಿ ಕರೆಂಟ್ ಇದೆ.